ಯಾವ ವಾರ್ಡಿನ ಹಾಸಿಗೆ

ಫೆಬ್ರವರಿ ೯

ಚೂಟಿ,

ನಾವಿಬ್ಬರೂ ಚೆನ್ನಾಗಿದ್ದೇವೆ. ನೀನು ಹೇಗಿದ್ದೀಯೆಂದು ಫೋನಿನಲ್ಲಿ ಕೇಳಿದರೆ ‘ಹೂಂ’ ಎನ್ನುತ್ತೀಯೆ, ಇನ್ನೊಮ್ಮೆ ಕೇಳಿದರೆ ‘ಊಹೂಂ’ ಎನ್ನುತ್ತೀಯೆ. ನಿನ್ನ ಬಾಡಿಗೆ ಕೋಣೆಯ ಗೋಡೆ ತೆಳ್ಳಗಿದೆ, ಮಾತಾಡಿದ್ದೆಲ್ಲಾ ಪಕ್ಕದವರಿಗೆ ಕೇಳಿಸುತ್ತದೆ ಎಂಬ ನೆಪವನ್ನು ಒಪ್ಪಿಕೊಂಡಿದ್ದೇನೆ. ಅದಕ್ಕೇ ಈ ಕಾಗದ. ಉತ್ತರವೂ ಕಾಗದದಲ್ಲೇ ಬರಬೇಕು, ಒಂದು ಪುಟಕ್ಕೆ ಕಡಿಮೆ ಇರಕೂಡದು.

ಹೋದ ತಿಂಗಳು ನೀನು ಬಂದು ಹೋದ ಮೇಲೆ ನಿಮ್ಮಣ್ಣ ಟಾಯ್ಲೆಟ್ ಬಾಗಿಲಿನ ಕೀಲಿಗೆ ಎಣ್ಣೆ ಬಿಟ್ಟರು. ಆ ಬಾಗಿಲು ಕಿರ್ರೆನ್ನುತ್ತದೆಂದು ಅವರಿಗೆ ಗೊತ್ತಾದದ್ದೇ ನೀನು ರಾತ್ರಿಯಿಡೀ ಎದ್ದು ಎದ್ದು ಹೋದದ್ದರಿಂದ. ನಿವೃತ್ತರಾದಾಗಿನಿಂದ ಅವರು ಮನೆಯ ಬಾಗಿಲು, ಕಿಟಕಿ ಯಾವುದನ್ನೂ ಸುಮ್ಮನೆ ಬಿಡುತ್ತಿಲ್ಲ. ಅವರಿಗೆ ಬಾಗಿಲಿನ ಚಿಂತೆ ಮುಗಿಯಿತು, ನನಗೆ ನಿನ್ನ ಚಿಂತೆ ಉಳಿಯಿತು. ಅಷ್ಟು ಸಲ ಏಳುವುದು ಒಳ್ಳೆಯದಲ್ಲ. ಮೊದಲು ಸಕ್ಕರೆ ಪರೀಕ್ಷೆ ಮಾಡಿಸು. ನಿಮ್ಮ ತಾಯಿಗೂ ಇತ್ತು.

ಇನ್ನೊಂದು ಸಮಾಚಾರ. ಎದುರು ಮನೆಗೆ ಹಳಬರೇ ವಾಪಸು ಬಂದಿದ್ದಾರೆ, ಇಪ್ಪತ್ತು ವರ್ಷದ ಹಿಂದೆ ಇದ್ದರಲ್ಲ, ಅವರು. ಆ ಹೆಂಗಸು ನಿನ್ನನ್ನು ನೋಡಿ ತಲೆ ಕೆಡಿಸಿಕೊಂಡು ಮಾರನೆಯ ದಿನ ನನ್ನನ್ನು ಹಿಡಿದು ನಿಲ್ಲಿಸಿದಳು. ‘ನಿಮಗೊಬ್ರು ಮೈದುನ ಇದ್ರಲ್ವಾ, ಎಲ್ಲಿ ಅವ್ರು ಈಗ?’ ಎಂದಳು. ‘ನನಗೆ ಮೈದುನ ಯಾರೂ ಇಲ್ಲ, ನಾದಿನಿ ಇದ್ದಾಳೆ. ನೀವು ನಿನ್ನೆ ಬಾಗಿಲಲ್ಲಿ ನಿಂತು ನೋಡಿದ್ರಲ್ಲ, ಅವಳೇ,’ ಎಂದೆ. ‘ಓ, ಹಂಗಾ,’ ಎಂದು ಒಳಗೆ ಹೋದಳು. ಆಮೇಲೆ ಒಂದು ವಾರ ಅವಳಿಗೆ ಬೇರೆ ಕೆಲಸ ಬೇಕಿರಲಿಲ್ಲ.

ನಿನ್ನ ಅತ್ತಿಗೆ

*

ಫೆಬ್ರವರಿ ೨೦

ಪೂಜ್ಯ ಅತ್ತಿಗೆಯವರಿಗೆ,

ಸಕ್ಕರೆ ಪರೀಕ್ಷೆ ಮಾಡಿಸಿದೆ. ಇಲ್ಲ. ನಿಮ್ಮ ಆಜ್ಞೆಯ ಪುಟ ಇಲ್ಲಿಗೇ ಮುಗಿಯಬಹುದಿತ್ತು, ಆದರೆ ನೀವು ಬಿಡುವವರಲ್ಲ.

ಎಲ್ಲಾ ದೋಷ ನಮ್ಮ ಕನ್ನಡಕದ ಅಂಗಡಿಯದು. ಗಾಜನ್ನು ಚೌಕಟ್ಟಿನ ಅಳತೆಗೆ ಉಜ್ಜುವ ಚಕ್ರದ ಮೇಲೆ ನೀರು ತೊಟ್ಟಿಕ್ಕುತ್ತಲೇ ಇರಬೇಕು, ಇಲ್ಲದಿದ್ದರೆ ಗಾಜು ಕಾದು ಸೀಳುತ್ತದೆ. ಬೆಳಗಿನಿಂದ ಸಂಜೆಯವರೆಗೆ ಆ ಸದ್ದನ್ನು ಕೇಳುತ್ತಾ ಕುಳಿತರೆ ಯಾರಿಗಾದರೂ ಎದ್ದು ಹೋಗಬೇಕೆನಿಸುತ್ತದೆ. ನಿನ್ನೆ ಒಬ್ಬ ಗಿರಾಕಿ ಹೊಸ ಕನ್ನಡಕ ತಂದು ಮೇಜಿನ ಮೇಲಿಟ್ಟು, ‘ಇದು ಹಾಕ್ಕೊಂಡ್ಮೇಲೆ ಮನೆ ತುಂಬಾ ಧೂಳು ಕಾಣ್ತಿದೆ, ಹಳೇ ನಂಬರೇ ಹಾಕಿಕೊಡಿ,’ ಎಂದ. ಅಂಗಡಿಯ ಯಜಮಾನರು ಅವನಿಗೆ ಕನ್ನಡಕದ ಜೊತೆ ಒಂದು ಒರೆಸುವ ಬಟ್ಟೆ ಕೊಟ್ಟು ಕಳಿಸಿದರು.

ನಮ್ಮ ಬೀದಿಯ ಕೊನೆಯಲ್ಲಿ ಹೊಸ ಕ್ಲಿನಿಕ್ ಆಗಿದೆ. ಡಾಕ್ಟರು ಚಿಕ್ಕ ವಯಸ್ಸಿನ ಹೆಂಗಸು. ಮೂತ್ರದ ಸೋಂಕು ಇರಬೇಕೆಂದು ಮಾತ್ರೆ ಬರೆದುಕೊಟ್ಟಿದ್ದಾರೆ. ಅಲ್ಲಿ ಒಳಗೆ ಹೋದ ಕೂಡಲೇ ‘ಬನ್ನಿ ಅಮ್ಮ, ಕೂತ್ಕೊಳ್ಳಿ’ ಎಂದರು. ಯಾರೂ ತಲೆಯೆತ್ತಿ ಇನ್ನೊಮ್ಮೆ ನೋಡಲಿಲ್ಲ. ಹೆಂಗಸರ ಬೆಂಚಿನಲ್ಲಿ ನನ್ನ ಪಕ್ಕ ಕುಳಿತಿದ್ದವಳು ತನ್ನ ಸೊಸೆಯ ದೂರನ್ನೆಲ್ಲಾ ನನಗೇ ಹೇಳಿದಳು. ನನ್ನ ಸರದಿ ಬಂದಾಗ ಬೇಸರವೇ ಆಯಿತು.

ಅಣ್ಣನಿಗೆ ನಮಸ್ಕಾರ ತಿಳಿಸಿ.

ಚೂಟಿ

*

ಮಾರ್ಚ್ ೬

ಚೂಟಿ,

ಸೋಂಕು ತಾನೆ, ಹಾಗಿದ್ದರೆ ಸರಿ. ನಮ್ಮ ವಯಸ್ಸಿನ ಹೆಂಗಸರಿಗೆಲ್ಲಾ ಇದೇ ಗೋಳು. ನೀರು ಚೆನ್ನಾಗಿ ಕುಡಿ, ತಡೆದುಕೊಂಡು ಕೂರಬೇಡ, ಮಾತ್ರೆಯನ್ನು ಅರ್ಧಕ್ಕೆ ನಿಲ್ಲಿಸಬೇಡ. ಹೋದ ವರ್ಷ ನಾನೂ ಹೀಗೇ ಒದ್ದಾಡಿದೆ. ಅದೊಂದು ಬರುತ್ತೆ, ಹೋಗುತ್ತೆ, ಮತ್ತೆ ಬರುತ್ತೆ.

ಗಂಡಸರದ್ದು ಬೇರೆಯೇ ಕಥೆ. ಆಸ್ಪತ್ರೆಯಲ್ಲಿ ನಾನು ನೋಡಿಕೊಳ್ಳುವ ಗಂಡಸರ ವಾರ್ಡಿನಲ್ಲಿ ಈಗ ಒಬ್ಬ ನಿವೃತ್ತ ಮೇಷ್ಟರಿದ್ದಾರೆ. ಒಂದು ವರ್ಷದಿಂದ ರಾತ್ರಿಯಿಡೀ ಏಳುತ್ತಿದ್ದರಂತೆ. ಹೋಗಿ ನಿಂತರೆ ಬೇಗ ಬರುವುದಿಲ್ಲ, ಬಂದರೆ ತೊಟ್ಟು ತೊಟ್ಟು, ಮುಗಿಯಿತೆಂದು ಬಂದು ಮಲಗಿದರೆ ಮತ್ತೆ ಹೋಗಬೇಕು. ಪ್ರಾಸ್ಟೇಟ್ ಗ್ರಂಥಿ ಊದಿಕೊಂಡು ದಾರಿಯನ್ನು ಒತ್ತಿ ಹಿಡಿದಿದೆ. ಇಷ್ಟಾದರೂ ಹೆಂಡತಿಗೆ ಹೇಳಿರಲಿಲ್ಲ. ‘ಯಾಕೆ ಹೇಳಲಿಲ್ಲ ಸಾರ್?’ ಎಂದರೆ, ‘ಇದನ್ನೆಲ್ಲಾ ಹೇಗೆ ಹೇಳೋದು ಸಿಸ್ಟರ್?’ ಎನ್ನುತ್ತಾರೆ. ನಲವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದ ಮನುಷ್ಯ. ಗಂಡಸರು ಬಾಯಿಗೆ ಬೀಗ ಹಾಕಿಕೊಳ್ಳುವುದನ್ನು ನೋಡಿದರೆ ನನಗೆ ಮೈ ಉರಿಯುತ್ತದೆ. ಹೆಂಗಸರಾದರೆ ಬೆಂಚಿನಲ್ಲಿ ಪಕ್ಕದಲ್ಲಿ ಕುಳಿತವಳಿಗಾದರೂ ಹೇಳಿಕೊಳ್ಳುತ್ತಾರೆ.

ನಿಮ್ಮಣ್ಣ ಈಗ ಕಿಟಕಿಗಳಿಗೆ ಬಣ್ಣ ಹೊಡೆಯುತ್ತಿದ್ದಾರೆ. ಕಿಟಕಿಗೆ ಬಿದ್ದದ್ದಕ್ಕಿಂತ ಅಂಗಿಗೆ ಬಿದ್ದದ್ದು ಜಾಸ್ತಿ.

ಅತ್ತಿಗೆ

*

ಮಾರ್ಚ್ ೧೯

ಪೂಜ್ಯ ಅತ್ತಿಗೆಯವರಿಗೆ,

ಮಾತ್ರೆ ಮುಗಿಯಿತು. ಸ್ವಲ್ಪ ಪರವಾಗಿಲ್ಲ ಅನ್ನಿಸುತ್ತದೆ. ಡಾಕ್ಟರು ಇನ್ನೊಂದು ಸುತ್ತು ಬೇರೆ ಮಾತ್ರೆ ಕೊಟ್ಟಿದ್ದಾರೆ. ಅಂಗಡಿಯಲ್ಲಿ ಕೆಲಸ ಜೋರಾಗಿದೆ, ಶಾಲೆಗಳಿಂದ ಮಕ್ಕಳ ಕನ್ನಡಕಗಳು ರಾಶಿ ರಾಶಿ ಬರುತ್ತಿವೆ. ಮಕ್ಕಳ ಗಾಜನ್ನು ಉಜ್ಜುವುದು ನನಗೆ ಇಷ್ಟ. ಅವರು ಕನ್ನಡಕ ಹಾಕಿಕೊಂಡ ಕೂಡಲೇ ಬಾಗಿಲ ಹೊರಗೆ ನೋಡುತ್ತಾರೆ, ಕನ್ನಡಿಯಲ್ಲಿ ನೋಡಿಕೊಳ್ಳುವುದು ಆಮೇಲೆ.

ನಿಮ್ಮ ಮೇಷ್ಟರ ಕಥೆ ಏನಾಯಿತು? ಅಂಥವರಿಗೆ ಏನು ಮಾಡುತ್ತಾರೆ? ಮಾತ್ರೆಯಲ್ಲಿ ಹೋಗುವುದೇ, ಕೊಯ್ಯಲೇಬೇಕೇ? ಎಷ್ಟು ಕಾಲ ಹಾಗೇ ಬಿಡಬಹುದು? ಆ ವಾರ್ಡಿನಲ್ಲೇ ಮಲಗಬೇಕೇ, ಅಥವಾ ಅದೇ ದಿನ ಮನೆಗೆ ಕಳಿಸುತ್ತಾರೆಯೇ? ಸುಮ್ಮನೆ ಕೇಳಿದೆ. ಸಂಜೆ ಹೊತ್ತು ಓದಲು ಏನೂ ಇಲ್ಲ, ನಿಮ್ಮ ವಾರ್ಡಿನ ಕಥೆಗಳೇ ಆಗಬೇಕು.

ಅಣ್ಣನ ಅಂಗಿಗೆ ನನ್ನ ಸಂತಾಪ.

ಚೂಟಿ

*

ಏಪ್ರಿಲ್ ೨

ಚೂಟಿ,

ಮೇಷ್ಟರಿಗೆ ಆಪರೇಷನ್ ಆಯಿತು. ಹೊಟ್ಟೆ ಕೊಯ್ಯುವುದಿಲ್ಲ, ಕೆಳಗಿನ ದಾರಿಯಿಂದಲೇ ಸಣ್ಣ ಸಲಾಕೆ ಹಾಕಿ ಊದಿದ್ದನ್ನು ಕೆರೆದು ತೆಗೆಯುತ್ತಾರೆ. ಮೂರು ನಾಲ್ಕು ದಿನ ಪೈಪು ಇರುತ್ತದೆ, ಅದರಲ್ಲಿ ನೀರು ಹರಿಸಿ ರಕ್ತ ತೊಳೆಯುತ್ತಿರುತ್ತೇವೆ. ಆಮೇಲೆ ಮನೆ. ನಿನ್ನೆ ಮೇಷ್ಟರು ಯಾವ ಕಷ್ಟವೂ ಇಲ್ಲದೆ ಹೋಗಿ ಬಂದು, ಪಾಸಾದ ಹುಡುಗನ ಹಾಗೆ ಇಡೀ ವಾರ್ಡಿಗೆ ಸುದ್ದಿ ಹೇಳಿದರು. ಶುರುವಿನಲ್ಲೇ ಬಂದಿದ್ದರೆ ಮಾತ್ರೆಯಲ್ಲೇ ಆಗುತ್ತಿತ್ತು. ಬಿಟ್ಟುಕೊಂಡು ಕೂತರೆ ಒಂದು ದಿನ ಪೂರ್ತಿ ಕಟ್ಟಿಕೊಳ್ಳುತ್ತದೆ. ಆಗಿನ ನೋವು ಶತ್ರುವಿಗೂ ಬೇಡ. ಕಿಡ್ನಿಗೂ ಹೊಡೆತ.

ಅದಿರಲಿ, ಗಂಡಸರ ಈ ಪುರಾಣ ನಿನಗೇಕೆ? ಸಂಜೆ ಓದಲು ಬೇರೇನೂ ಸಿಗಲಿಲ್ಲವೇ? ಓ, ನಿಮ್ಮ ಅಂಗಡಿಯ ಯಜಮಾನರಿಗೇನಾದರೂ ಬಂದಿದೆಯೋ? ಹಾಗಿದ್ದರೆ ನೆಟ್ಟಗೆ ಹೇಳು, ಅಡ್ಡಗೋಡೆಯ ಮೇಲೆ ದೀಪ ಇಡಬೇಡ. ಅವರಿಗೆ ಮುಂದೂಡಬೇಡಿ ಎಂದು ಖಡಾಖಂಡಿತವಾಗಿ ಹೇಳು.

ನೀನು ಮಾತ್ರ ಎರಡನೆಯ ಸುತ್ತಿನ ಮಾತ್ರೆಯನ್ನು ಸರಿಯಾಗಿ ನುಂಗು.

ಅತ್ತಿಗೆ

*

ಏಪ್ರಿಲ್ ೧೪

ಪೂಜ್ಯ ಅತ್ತಿಗೆಯವರಿಗೆ,

ನಿಮ್ಮ ಊಹೆ ಸರಿ. ಯಜಮಾನರಿಗೇ. ನೀವು ಬರೆದದ್ದನ್ನು ಅವರಿಗೆ ಹೇಳಿದೆ. ತಲೆಯಾಡಿಸಿ ಚಕ್ರದ ಕಡೆ ತಿರುಗಿದರು. ಅವರ ಸ್ವಭಾವವೇ ಹಾಗೆ.

ಆಪರೇಷನ್ನಿಗೆ ಅವರು ಹೆದರುವುದಿಲ್ಲ. ನೋವಿಗೂ ಅಲ್ಲ. ಗಂಡಸರ ವಾರ್ಡಿನಲ್ಲಿ ಮಲಗುವುದಕ್ಕೆ ಮಾತ್ರ ಅವರಿಗೆ ಇಷ್ಟವಿಲ್ಲ. ಅದೊಂದು ಇಲ್ಲದಿದ್ದರೆ ಯೋಚಿಸಬಹುದಿತ್ತು ಎಂದರು. ಅದಕ್ಕೆ ಏನಾದರೂ ದಾರಿಯಿದ್ದರೆ ತಿಳಿಸಿ. ಇಲ್ಲದಿದ್ದರೂ ಚಿಂತೆಯಿಲ್ಲ, ಅವರು ಹೇಗೋ ನಿಭಾಯಿಸಿಕೊಂಡು ಹೋಗುತ್ತಿದ್ದಾರೆ.

ಇಲ್ಲಿ ಬಿಸಿಲು ಜಾಸ್ತಿ. ನೀರು ಕುಡಿಯುವುದನ್ನು ಕಡಿಮೆ ಮಾಡಿದ್ದೇನೆ.

ಚೂಟಿ

*

ಏಪ್ರಿಲ್ ೨೧

ಚೂಟಿ,

ನಿನ್ನ ಕಾಗದವನ್ನು ವಾರ್ಡಿನ ಮೇಜಿನ ಮೇಲೆ, ಮಧ್ಯಾಹ್ನದ ಊಟದ ಡಬ್ಬಿ ಬಿಚ್ಚಿಟ್ಟುಕೊಂಡು ಓದಿದೆ. ಗಂಡಸರ ವಾರ್ಡಿನಲ್ಲಿ ಮಲಗಲು ಇಷ್ಟವಿಲ್ಲದ ಗಂಡಸು ಯಾರಪ್ಪ ಎಂದು ನಗು ಬಂತು. ಆಮೇಲೆ ನಗು ನಿಂತಿತು. ಡಬ್ಬಿಯನ್ನು ಹಾಗೇ ಮುಚ್ಚಿದೆ.

ಯಜಮಾನರನ್ನು ಬಿಡು. ಅದು ನೀನೇ.

ಹದಿನಾಲ್ಕು ವರ್ಷದಿಂದ ಈ ವಾರ್ಡಿನಲ್ಲಿದ್ದೇನೆ. ಬಾಗಿಲಲ್ಲಿ ನಡೆದು ಬರುವುದನ್ನು ನೋಡಿಯೇ ಯಾರಿಗೆ ಏನೆಂದು ಹೇಳಬಲ್ಲೆ ಎಂದು ಡಾಕ್ಟರುಗಳ ಮುಂದೆ ಜಂಬ ಕೊಚ್ಚುತ್ತೇನೆ. ಮೇಷ್ಟರ ಕಥೆ ಬರೆಯುವಾಗ ನಿನ್ನದನ್ನೇ ಸಾಲು ಸಾಲಾಗಿ ಬರೆದಿದ್ದೇನೆ, ಆದರೂ ನನಗೆ ಹೊಳೆಯಲಿಲ್ಲ. ಯಾಕೆಂದು ಎರಡು ದಿನ ಯೋಚಿಸಿದೆ. ನೀನು ನನ್ನ ನಾದಿನಿ ಎಂಬುದು ನನ್ನ ಮನಸ್ಸಿನಲ್ಲಿ ಎಷ್ಟು ಗಟ್ಟಿಯಾಗಿ ಕೂತಿದೆಯೆಂದರೆ, ನಿನ್ನ ಮೈಯೊಳಗೆ ಇರಬಹುದಾದ ಒಂದು ಗ್ರಂಥಿಯ ನೆನಪೇ ಬರಲಿಲ್ಲ. ನಿನ್ನ ಮೈಯ ವಿಷಯ ಕೇಳದಿರುವುದೇ ಮರ್ಯಾದೆ ಎಂದುಕೊಂಡಿದ್ದೆ. ಮನೆಯಲ್ಲಿ ಅದು ಮರ್ಯಾದೆ, ಕಾಯಿಲೆಯಲ್ಲಿ ಅಲ್ಲ. ಹಾಗಾಗಿ ಈಗ ನರ್ಸ್ ಆಗಿ ಕೇಳುತ್ತೇನೆ, ನರ್ಸಿಗೆ ಹೇಳಿದ ಹಾಗೆ ಉತ್ತರ ಬರೆ. ಹಾರ್ಮೋನ್ ಮಾತ್ರೆ ಈಗಲೂ ತೆಗೆದುಕೊಳ್ಳುತ್ತಿದ್ದೀಯಾ? ಇಲ್ಲದಿದ್ದರೆ ನಿಲ್ಲಿಸಿ ಎಷ್ಟು ಕಾಲವಾಯಿತು? ಮೂತ್ರದಲ್ಲಿ ರಕ್ತ ಕಂಡಿದೆಯಾ? ಹೊಟ್ಟೆಯ ಕೆಳಗೆ ಗಟ್ಟಿಯಾಗಿ ಉಬ್ಬಿದೆಯಾ? ಕ್ಲಿನಿಕ್ಕಿನ ಡಾಕ್ಟರಿಗೆ ನೀನು ಟ್ರಾನ್ಸ್‌ಜೆಂಡರ್ ಹೆಂಗಸು ಎಂಬುದು ಗೊತ್ತಿದೆಯಾ? ಗೊತ್ತಿಲ್ಲದಿದ್ದರೆ ಆಕೆ ಸೋಂಕಿಗೆ ಮಾತ್ರೆ ಕೊಡುತ್ತಲೇ ಇರುತ್ತಾರೆ, ಒಳಗೆ ಅದು ಬೆಳೆಯುತ್ತಲೇ ಇರುತ್ತದೆ.

ನನಗೆ ನಿನ್ನ ಮೇಲೆ ಸಿಟ್ಟು ಬಂದಿದೆ, ನನ್ನ ಮೇಲೆ ಅದಕ್ಕಿಂತ ಹೆಚ್ಚು. ನೀರು ಕುಡಿಯುವುದನ್ನು ಕಡಿಮೆ ಮಾಡಬೇಡ. ಹೊರಟು ಬಾ.

ಅತ್ತಿಗೆ

*

ಮೇ ೩

ಅತ್ತಿಗೆಯವರಿಗೆ,

ನರ್ಸಿಗೆ ಉತ್ತರ: ಮಾತ್ರೆ ನಿಲ್ಲಿಸಿ ಆರು ವರ್ಷವಾಯಿತು. ರಕ್ತ ಇಲ್ಲ. ಹೊಟ್ಟೆ ಉಬ್ಬಿದೆ. ಡಾಕ್ಟರಿಗೆ ಗೊತ್ತಿಲ್ಲ.

ಅತ್ತಿಗೆಗೆ ಉತ್ತರ: ಬರುವುದಿಲ್ಲ.

ಕಾರಣ ಹೇಳದಿದ್ದರೆ ನೀವು ಇಲ್ಲಿಗೇ ಬಂದು ನಿಲ್ಲುತ್ತೀರಿ, ಅದಕ್ಕೆ ಹೇಳುತ್ತೇನೆ. ನನಗೆ ಮಾತ್ರೆ ಕೊಡುತ್ತಿದ್ದ ಹಳೆಯ ಡಾಕ್ಟರು ನಿವೃತ್ತರಾದರು. ಅವರ ಜಾಗಕ್ಕೆ ಬಂದವರು ನನ್ನನ್ನು ನೋಡಿದ ಕೂಡಲೇ ಬಾಗಿಲು ತೆಗೆದು ವಿದ್ಯಾರ್ಥಿಗಳನ್ನು ಕರೆದರು. ‘ಇಂಥ ಕೇಸು ನಿಮಗೆ ದಿನಾ ಸಿಗಲ್ಲ, ನೋಡ್ಕೊಳ್ಳಿ,’ ಎಂದರು. ಅವರು ನೋಡಿಕೊಂಡರು. ಮತ್ತೆ ಹೋಗಲಿಲ್ಲ, ಮಾತ್ರೆಯೂ ನಿಂತಿತು. ಅದಾದ ವರ್ಷ ಜ್ವರ ಬಂದು ದೊಡ್ಡ ಆಸ್ಪತ್ರೆಗೆ ಸೇರಿದೆ. ಗಂಡಸರ ವಾರ್ಡಿನವರು ‘ಇವ್ರು ನಮ್ಮ ಕಡೆ ಅಲ್ಲ’ ಎಂದರು, ಹೆಂಗಸರ ವಾರ್ಡಿನವರು ‘ನಮ್ಮ ಕಡೆನೂ ಅಲ್ಲ’ ಎಂದರು. ಮಂಚವನ್ನು ಎರಡು ವಾರ್ಡುಗಳ ನಡುವಿನ ಓಣಿಯಲ್ಲಿ, ಕುಡಿಯುವ ನೀರಿನ ಡ್ರಮ್ಮಿನ ಪಕ್ಕ ಹಾಕಿದರು. ನೀರು ಹಿಡಿಯಲು ಬಂದವರೆಲ್ಲಾ ನಿಂತು ನೋಡಿ ಹೋದರು. ಲೋಟ ತುಂಬಿದ ಮೇಲೂ ನಿಲ್ಲುತ್ತಿದ್ದರು. ಜ್ವರ ಇಳಿಯುವ ಮೊದಲೇ ಎದ್ದು ಬಂದೆ.

ಇವೆಲ್ಲಾ ಹೋಗಲಿ, ಹೊಟ್ಟೆಗೆ ಹಾಕಿಕೊಂಡಿದ್ದೇನೆ. ನನಗೆ ನಿಮ್ಮ ವಾರ್ಡಿನದೇ ಭಯ. ಎದುರು ಮನೆಯವಳಿಗೆ ‘ನನಗೆ ನಾದಿನಿ ಇದ್ದಾಳೆ’ ಎಂದು ಹೇಳುವವರು ಈ ಲೋಕದಲ್ಲಿ ನೀವೊಬ್ಬರೇ. ಅಣ್ಣ ಕೂಡ ತಂಗಿ ಎನ್ನದೆ ಚೂಟಿ ಎಂದು ಕರೆದು ಪಾರಾಗುತ್ತಾನೆ. ಆ ಮಂಚದ ಮೇಲೆ, ಆ ಪೈಪಿನೊಂದಿಗೆ, ಮೇಷ್ಟರಂಥವರ ಸಾಲಿನಲ್ಲಿ ನನ್ನನ್ನು ಒಮ್ಮೆ ನೋಡಿದ ಮೇಲೆ ನೀವು ಬಾಯಲ್ಲಿ ನಾದಿನಿ ಎನ್ನುತ್ತೀರಿ, ಗೊತ್ತು. ಆದರೆ ಹೇಳುವ ಮುಂಚೆ ಒಂದು ಕ್ಷಣ ಯೋಚಿಸುತ್ತೀರಿ. ನನಗೆ ಆ ಒಂದು ಕ್ಷಣ ಬೇಡ.

ಚೂಟಿ

*

ಮೇ ೧೦

ಚೂಟಿ,

ನಿನ್ನ ಕಾಗದ ಓದಿ ಅತ್ತೆ. ಅದು ಮುಗಿದ ಮೇಲೆ ಕೆಲಸಕ್ಕೆ ಹೋದೆ. ಏನೇನು ಮಾಡಿದೆನೆಂದು ಬರೆಯುತ್ತೇನೆ. ನಿನ್ನ ಒಪ್ಪಿಗೆ ಇಲ್ಲದೆ ಯಾರಿಗೂ ನಿನ್ನ ಹೆಸರು, ಸಂಬಂಧ ಹೇಳಿಲ್ಲ.

ಮೊದಲು ನಮ್ಮ ಸರ್ಜನ್ ಹತ್ತಿರ ಹೋದೆ. ಅವರು ಕೈ ತೊಳೆಯುತ್ತಿದ್ದರು.

‘ಒಬ್ರು ಪೇಷಂಟ್ ಇದ್ದಾರೆ ಸಾರ್. ಐವತ್ತೆಂಟು ವರ್ಷ. ಪ್ರಾಸ್ಟೇಟ್ ಇರಬೇಕು.’

‘ಕರ್ಕೊಂಡು ಬನ್ನಿ. ಬೆಡ್ ಇದ್ಯಲ್ಲ ನಿಮ್ಮಲ್ಲಿ?’

‘ಪೇಷಂಟ್ ಹೆಂಗಸು ಸಾರ್.’

ಅವರು ನಲ್ಲಿ ನಿಲ್ಲಿಸಿ ನನ್ನ ಮುಖ ನೋಡಿದರು. ಅರ್ಥವಾದ ಮೇಲೆ ಕೈ ಒರೆಸಿಕೊಂಡರು. ‘ಹಾಗಾದ್ರೆ ನಿಮ್ಮ ವಾರ್ಡ್ ಯಾಕೆ? ಹೆಂಗಸರ ವಾರ್ಡಲ್ಲಿ ಬೆಡ್ ಕೇಳಿ. ಆಪರೇಷನ್ ಎಲ್ಲಾದ್ರೂ ಒಂದೇ,’ ಎಂದರು. ಇಷ್ಟು ಸಲೀಸಾಗಿ ಹೇಳಿದ ಮನುಷ್ಯ ಇಷ್ಟು ವರ್ಷ ಇಂಥವರು ಯಾರೂ ಏಕೆ ಬರಲಿಲ್ಲವೆಂದು ಒಮ್ಮೆಯೂ ಯೋಚಿಸಿರಲಿಲ್ಲ. ನಾನೂ ಯೋಚಿಸಿರಲಿಲ್ಲ, ಅವರನ್ನೇನು ಅನ್ನಲಿ.

ಹೆಂಗಸರ ವಾರ್ಡಿನ ಹೆಡ್ ನರ್ಸ್ ಅಷ್ಟು ಸಲೀಸಲ್ಲ. ಆಕೆಯ ಗಂಟಲಿಗೆ ಹೆದರಿ ನಾವು ಗಂಟೆ ಸಿಸ್ಟರ್ ಎನ್ನುತ್ತೇವೆ. ‘ನನ್ನ ವಾರ್ಡಲ್ಲಿ ಮಲಗಿರೋ ಹೆಂಗಸ್ರು ಏನಂತಾರೋ ಏನೋ,’ ಎಂದು ಶುರು ಮಾಡಿದಳು.

‘ನೀವೇನಂತೀರಿ?’ ಎಂದೆ.

‘ನಾನಾ? ಬರ್ಲಿ ಅಂತೀನಿ. ಆದ್ರೆ ನೀರು ಹರಿಸಿ ಪೈಪು ತೊಳೆಯೋದು ನಮ್ಮ ಹುಡುಗೀರಿಗೆ ಬರಲ್ಲ. ಕಟ್ಕೊಂಡ್ರೆ ಏನ್ ಮಾಡ್ಲಿ? ಯಾರು ಹೇಳ್ಕೊಡ್ತಾರೆ?’

ಅದು ನ್ಯಾಯವಾದ ಮಾತು. ಈ ವಾರದಿಂದ ನಮ್ಮ ವಾರ್ಡಿನವರು ಅವರಿಗೆ ಕಲಿಸುತ್ತಿದ್ದಾರೆ. ಸರ್ಜನ್ನರಿಂದ ಇನ್ನೊಂದು ಮಾತು ತೆಗೆದುಕೊಂಡೆ. ನೀನು ಹೂಂ ಎನ್ನದೆ ವಿದ್ಯಾರ್ಥಿಗಳು ಪರದೆಯ ಒಳಗೆ ಬರುವುದಿಲ್ಲ.

ಇನ್ನು ನೀನು ಹೇಳಿದ ಆ ಒಂದು ಕ್ಷಣ. ಇಲ್ಲವೆಂದು ಆಣೆ ಹಾಕುವುದಿಲ್ಲ, ಹಾಕಿದರೆ ನೀನು ನಂಬುವವಳಲ್ಲ. ಹಾಗಾಗಿ ಇದನ್ನು ನಿನಗೇ ಬಿಡುತ್ತೇನೆ. ನಾನು ನಿನ್ನ ಆರೈಕೆ ಮಾಡಬೇಕೋ ಬೇಡವೋ ನೀನೇ ಹೇಳು. ಬೇಡವೆಂದರೆ ರಜೆ ಹಾಕಿ, ಮನೆಯ ಬಟ್ಟೆಯಲ್ಲಿ ಬಂದು, ವಾರ್ಡಿನ ಹೊರಗಿನ ಬೆಂಚಿನ ಮೇಲೆ ಎಲ್ಲರ ಮನೆಯವರ ಹಾಗೆ ಕೂತಿರುತ್ತೇನೆ. ಒಳಗೆ ಇಣುಕುವುದಿಲ್ಲ. ನನಗೆ ಬೇಜಾರಾಗುವುದಿಲ್ಲ ಎಂದರೆ ಸುಳ್ಳು, ಆದರೆ ಕೂತಿರುತ್ತೇನೆ.

ಬೇಗ ಬರೆ.

ಅತ್ತಿಗೆ

*

ಮೇ ೨೮

ಚೂಟಿ,

ಉತ್ತರವಿಲ್ಲ. ಫೋನ್ ಎತ್ತುತ್ತಿಲ್ಲ. ಅಂಗಡಿಗೆ ಫೋನ್ ಮಾಡಿದರೆ ಯಾರೋ ‘ಅವ್ರು ರಜೆ’ ಎಂದು ಇಟ್ಟುಬಿಟ್ಟರು. ಅಂಚೆಯವನಿಗಾಗಿ ದಾರಿ ಕಾಯುತ್ತಾ ನಿಮ್ಮಣ್ಣ ಗೇಟಿಗೂ ಬಣ್ಣ ಹೊಡೆದು ಮುಗಿಸಿದರು. ಇವತ್ತು ಬೆಳಿಗ್ಗೆಯೇ ಚೀಲ ತುಂಬಿಕೊಳ್ಳುತ್ತಿದ್ದಾರೆ, ನಾಳೆ ಅಲ್ಲಿಗೆ ಹೊರಡುತ್ತಾರಂತೆ. ಈ ಕಾಗದವನ್ನು ಅವರ ಕೈಯಲ್ಲೇ ಕಳಿಸುತ್ತಿದ್ದೇನೆ. ಬೇಡವೆಂದಾದರೂ ಬರೆ. ನಾನು ಹೆದರಿದ್ದೇನೆ.

ಅತ್ತಿಗೆ

*

ಜೂನ್ ೨

ಅತ್ತಿಗೆಯವರಿಗೆ,

ಅಣ್ಣ ಬಂದಿದ್ದಾನೆ. ಪಕ್ಕದಲ್ಲೇ ಕೂತಿದ್ದಾನೆ. ನಾನಿರುವುದು ಕ್ಲಿನಿಕ್ಕಿನ ಮೇಲಿನ ಕೋಣೆಯಲ್ಲಿ. ಅಣ್ಣ ಫೋನಿನಲ್ಲಿ ‘ಪರವಾಗಿಲ್ಲ’ ಎಂದು ಮಾತ್ರ ಹೇಳಿರುತ್ತಾನೆ, ಆದ್ದರಿಂದ ನಾನು ಬರೆಯುತ್ತೇನೆ.

ನಿಮ್ಮ ಕಾಗದ ಬಂದ ಮೇಲೆ ಉತ್ತರ ಬರೆಯಲು ಕೂತೆ, ಹರಿದೆ, ಮತ್ತೆ ಕೂತೆ. ಹಾಗೆ ದಿನ ಕಳೆದವು. ಆಮೇಲೆ ಒಂದು ಮಧ್ಯಾಹ್ನ ಅಂಗಡಿಯಲ್ಲಿ ಪೂರ್ತಿ ಕಟ್ಟಿಕೊಂಡಿತು. ನೋವಿನ ವಿಷಯ ನೀವು ಬರೆದಿದ್ದಿರಿ, ಕಡಿಮೆಯೇ ಬರೆದಿದ್ದಿರಿ. ಯಜಮಾನರು ಚಕ್ರ ನಿಲ್ಲಿಸಿ, ನನ್ನನ್ನು ಅನಾಮತ್ತು ಎತ್ತಿಕೊಂಡು ಬೀದಿಯ ಕೊನೆಗೆ ಬಂದರು. ಅವರ ಮೇಲೆ ಇಲ್ಲದ ಕಾಯಿಲೆ ಹೊರಿಸಿದ್ದೆನಲ್ಲ, ಆ ಮನುಷ್ಯನೇ.

ಡಾಕ್ಟರು ಹೊಟ್ಟೆ ಮುಟ್ಟಿ ನೋಡಿ ಗಾಬರಿಯಾದರು. ಆಗ ನಾನೇ ಹೇಳಿದೆ. ಒಂದೇ ಉಸಿರಿನಲ್ಲಿ, ಎಲ್ಲವನ್ನೂ. ಆಕೆ ಬಾಗಿಲು ಹಾಕಿ ಬಂದರು. ಯಾರನ್ನೂ ಕರೆಯಲಿಲ್ಲ. ‘ಈಗ ಮುಟ್ತೀನಿ ಅಮ್ಮ, ಆಗಬಹುದಾ?’ ಎಂದು ಕೇಳಿ ಪೈಪು ಹಾಕಿದರು. ಆ ನೋವಿನಲ್ಲೂ ನಾನು ಕಿವಿಗೊಟ್ಟು ಕಾಯುತ್ತಿದ್ದದ್ದು ಆ ‘ಅಮ್ಮ’ನಿಗೇ. ಅದು ಹೇಳಿದ ಮೇಲೂ ಇತ್ತು. ಯೋಚಿಸಿ ಹೇಳಿದ ಹಾಗಿರಲಿಲ್ಲ. ಆಮೇಲೆ ಮಂಚದ ಪಕ್ಕ ಕೂತು, ‘ನಾನೂ ಸರಿಯಾಗಿ ಕೇಳಬೇಕಿತ್ತು. ಎರಡು ಸಲ ಸುಮ್ಮನೆ ಮಾತ್ರೆ ಕೊಟ್ಟು ಕಳಿಸಿಬಿಟ್ಟೆ,’ ಎಂದರು. ನಾನು, ಮಾತ್ರೆ ಸಿಹಿಯಾಗಿತ್ತು ಎಂದೆ.

ಕಿಡ್ನಿಗೆ ಹೊಡೆತ ಬಿದ್ದಿದೆ. ಸುಧಾರಿಸುತ್ತಿದೆ ಎನ್ನುತ್ತಾರೆ, ಪೂರ್ತಿ ಮೊದಲಿನಂತೆ ಆಗುವುದು ಖಂಡಿತವಿಲ್ಲ. ಇದು ನನ್ನ ಮೌನದ ಬಾಬ್ತು, ನಿಮ್ಮ ತಲೆಗೆ ಕಟ್ಟಿಕೊಳ್ಳಬೇಡಿ. ಆಪರೇಷನ್ ಆಗಲೇಬೇಕು. ಡಾಕ್ಟರು ನಿಮ್ಮ ಸರ್ಜನ್ನರಿಗೆ ಬರೆದುಕೊಟ್ಟಿದ್ದಾರೆ, ಅದರಲ್ಲಿ ‘ಈಕೆ’ ಎಂದೇ ಇದೆ, ಓದಿ ನೋಡಿದೆ.

ಗುರುವಾರ ಅಣ್ಣನ ಜೊತೆ ಹೊರಡುತ್ತೇನೆ. ಅಣ್ಣ ಚೀಲ ಹಿಡಿದುಕೊಳ್ಳುತ್ತಾನಂತೆ, ಪೈಪಿನ ಚೀಲವನ್ನೂ. ನಿನ್ನೆ ಅದನ್ನು ಖಾಲಿ ಮಾಡಲು ನರ್ಸಿನಿಂದ ಕಲಿತುಕೊಂಡ. ನರ್ಸ್ ‘ನೀವು ಇವರಿಗೆ ಏನಾಗಬೇಕು?’ ಎಂದು ಕೇಳಿದಳು. ‘ಅಣ್ಣ. ಇವಳು ನನ್ನ ತಂಗಿ,’ ಎಂದ. ಹೇಳಿ ಕಿಟಕಿಯ ಕಡೆ ತಿರುಗಿ, ಬಣ್ಣ ಸರಿಯಾಗಿ ಹೊಡೆದಿಲ್ಲ ಎಂದು ಗೊಣಗಿದ.

ನೀವು ಕೇಳಿದ ಪ್ರಶ್ನೆಗೆ ಉತ್ತರ ಇನ್ನೂ ಬಾಕಿ ಇದೆ. ಹರಿದು ಹಾಕಿದ ಕಾಗದಗಳಲ್ಲೆಲ್ಲಾ ನಿಮ್ಮನ್ನು ಬೆಂಚಿನ ಮೇಲೆ ಕೂರಲು ಹೇಳಿದ್ದೆ. ಈಗ ಹಾಗೆ ಹೇಳುವುದಿಲ್ಲ. ಆ ಕ್ಷಣ ಬಂದರೆ ಬರಲಿ, ನಾವಿಬ್ಬರೂ ಅದನ್ನು ದಾಟೋಣ. ಗೊತ್ತಿಲ್ಲದ ಕೈ ಕೇಳಿ ಮುಟ್ಟಿತು, ಗೊತ್ತಿರುವ ಕೈಗೆ ನಾನೇಕೆ ಹೆದರಲಿ? ನೀವು ರಜೆ ಹಾಕಬೇಡಿ. ಬೆಂಚಿನ ಮೇಲೆ ಅಣ್ಣ ಕೂರಲಿ, ನೀವು ಒಳಗೆ ಬನ್ನಿ.

ಚೂಟಿ